ಅರ್ಧ ವೋಲ್ಟಿನ ಸಂಸಾರ

ನನ್ನ ಭಾವಮೈದುನನಿಗೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ವಸ್ತುಗಳ ಮೇಲೆ ಒಂಥರಾ ಅಪನಂಬಿಕೆ. ಫ್ಯಾನಾಗಲಿ ಇನ್ವರ್ಟರಾಗಲಿ, ಒಮ್ಮೆ ಬಿಚ್ಚಿ ಒಳಗಿನದನ್ನು ನೋಡದೆ ಅದು ತನ್ನದಾಯಿತೆಂದು ಅವನಿಗೆ ಅನ್ನಿಸುವುದೇ ಇಲ್ಲ. ಆದರೆ ಸೋಲಾರ್ ಪ್ಯಾನೆಲ್ ಬಿಚ್ಚಲು ಬರುವ ಪದಾರ್ಥವಲ್ಲ. ಗಾಜಿಗೂ ಸೆಲ್ಲಿಗೂ ನಡುವೆ ಇವಿಎ ಎಂಬ ಪ್ಲಾಸ್ಟಿಕ್ ಹಾಳೆ ಇಟ್ಟು, ಗಾಳಿ ಹೀರಿ, ಸುಮಾರು 150 ಡಿಗ್ರಿ ಶಾಖದಲ್ಲಿ ಒತ್ತಿ, ಕಾರ್ಖಾನೆಯವರು ಎಲ್ಲವನ್ನೂ ಒಂದೇ ಹಲಗೆ ಮಾಡಿಬಿಟ್ಟಿರುತ್ತಾರೆ. ಬಿಚ್ಚಲಾಗದಿದ್ದರೇನು, ಕಟ್ಟಬಹುದಲ್ಲ ಅಂದುಕೊಂಡ ಆಸಾಮಿ ಬಿಡಿ ಸೆಲ್ಲುಗಳನ್ನೇ ತರಿಸಿದ. ಮೂರು ಇಂಚು ಅಗಲ, ಆರು ಇಂಚು ಉದ್ದ; ಕೆಲವಕ್ಕೆ ಮೂಲೆ ಮುಕ್ಕು. ಕಾರ್ಖಾನೆಯ ಪಂಕ್ತಿಯಲ್ಲಿ ಎಲೆ ಸಿಗದ ಇಂಥವೆಲ್ಲ ಹವ್ಯಾಸಿಗಳ ಪಾಲು. ತವರ ಲೇಪಿಸಿದ ತಾಮ್ರದ ಪಟ್ಟಿ, ಫ್ಲಕ್ಸ್ ಪೆನ್ನು, ಡಯೋಡು ಇತ್ಯಾದಿ ಎಸ್.ಪಿ. ರಸ್ತೆಯಿಂದ ಬಂದವು. ಅಲ್ಲಿ ಸಿಗದ್ದು ಬೆಂಗಳೂರಿನಲ್ಲಿ ಎಲ್ಲೂ ಸಿಗುವುದಿಲ್ಲ ಎಂಬುದು ಅವನ ಮತ. ಅಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಗುವುದಿಲ್ಲ ಎಂಬುದು ನನ್ನ ಅನುಭವ.

ಸೆಲ್ಲನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ದಪ್ಪ ಒಂದು ಮಿಲಿಮೀಟರಿನ ಐದನೇ ಒಂದು ಪಾಲು. ಸಿಲಿಕಾನಿನ ಸಹಜ ಬಣ್ಣ ಬೂದು. ಬಿದ್ದ ಬೆಳಕು ಪ್ರತಿಫಲಿಸಿ ವಾಪಸು ಹೋಗದಿರಲೆಂದು ಬಳಿದ ಸಿಲಿಕಾನ್ ನೈಟ್ರೈಡ್ ಲೇಪ ಅದರ ಮುಖವನ್ನು ಕಡುನೀಲಿ ಮಾಡಿರುತ್ತದೆ. ಆ ನೀಲಿಯ ಮೇಲೆ ಕೂದಲೆಳೆಯಂಥ ಬೆಳ್ಳಿಗೆರೆಗಳು, ಗೆರೆಗಳನ್ನೆಲ್ಲ ಕೂಡಿಸುವ ಅಗಲದ ಪಟ್ಟಿಗಳು. ಮುಖ ಮೈನಸ್ಸು, ಬೆನ್ನು ಪ್ಲಸ್ಸು. ನೋಡಲು ಇಷ್ಟು ಗಂಭೀರವಾದ ಈ ವಸ್ತು ಸ್ವಭಾವದಲ್ಲಿ ಮಾತ್ರ ಸುಟ್ಟ ಹಪ್ಪಳ. ಎತ್ತುವಾಗ, ಇಡುವಾಗ, ಕೆಲವೊಮ್ಮೆ ಬರೀ ದುರುಗುಟ್ಟಿ ನೋಡಿದರೂ ಟಿಕ್ಕೆನ್ನುತ್ತದೆ. ಅದಕ್ಕೇ ಬಲ್ಲವರು 36 ಬೇಕಿದ್ದಲ್ಲಿ 40 ತರಿಸುತ್ತಾರೆ.

ಈ 36ರ ಲೆಕ್ಕ ನನಗೆ ಬಹಳ ಹಿಡಿಸಿತು. ಸಿಲಿಕಾನ್ ಸೆಲ್ಲು ಅಂಗೈಯಗಲ ಇರಲಿ, ಉಗುರಗಲ ಇರಲಿ, ಕೆಲಸಕ್ಕೆ ನಿಂತಾಗ ಅದು ಕೊಡುವುದು ಅರ್ಧ ವೋಲ್ಟು ಮಾತ್ರ. ದೊಡ್ಡದಾದರೆ ಆಂಪಿಯರ್ ಹೆಚ್ಚುತ್ತದೆಯೇ ಹೊರತು ವೋಲ್ಟು ಜಗ್ಗುವುದಿಲ್ಲ. ಹನ್ನೆರಡು ವೋಲ್ಟಿನ ಬ್ಯಾಟರಿ ತುಂಬಬೇಕಾದರೆ ಹದಿನಾಲ್ಕಕ್ಕಿಂತ ಮೇಲಿನ ಒತ್ತಡ ಬೇಕು, ಸೆಕೆಗೆ ಇಳಿಯುವ ಪಾಲನ್ನೂ ಎಣಿಸಿ ಹದಿನೆಂಟು ಇಟ್ಟುಕೊಳ್ಳಬೇಕು. ಹಾಗಾಗಿ ಒಂದರ ಮುಖವನ್ನು ಮುಂದಿನದರ ಬೆನ್ನಿಗೆ ಬೆಸೆಯುತ್ತ 36 ಸೆಲ್ಲುಗಳ ಸಾಲು. ಒಂದೊಂದೂ ಪೂರ್ತಿ ಬಿಸಿಲಿಗೆ 1.8 ವ್ಯಾಟಿನಂತೆ ಒಟ್ಟು ಸುಮಾರು 65 ವ್ಯಾಟು. ಸರಣಿಯ ಶಿಸ್ತು ಬಲು ಕಠಿಣ. ಒಂದೇ ಒಂದು ಸೆಲ್ಲಿನ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಉಳಿದ 35ರ ಕರೆಂಟೂ ಅದರ ಮಟ್ಟಕ್ಕೇ ಇಳಿಯುತ್ತದೆ. ಅಷ್ಟು ಸಾಲದೆಂಬಂತೆ, ದುಡಿಯದ ಆ ಸೆಲ್ಲು ಉಳಿದವರ ದುಡಿಮೆಯನ್ನು ತಿಂದು ತಾನು ಕಾಯುತ್ತ ಕೂರುತ್ತದೆ. ಅಂಥವನನ್ನು ಬಳಸಿಕೊಂಡು ದಾಟಿಹೋಗಲು ಬೈಪಾಸ್ ಡಯೋಡು ಹಾಕುತ್ತಾರೆ. ಸರ್ಕಾರಿ ನೌಕರಿಯಲ್ಲಿ ಆಯುಷ್ಯ ಕಳೆದ ನನಗೆ ಇದನ್ನು ಎರಡನೇ ಸಲ ವಿವರಿಸಬೇಕಾಗಲಿಲ್ಲ.

ಬೆಸುಗೆ ನಡೆದದ್ದು ಊಟದ ಮೇಜಿನ ಮೇಲೆ. ಪಟ್ಟಿಯ ಮೇಲೆ ಫ್ಲಕ್ಸ್ ಪೆನ್ನಿನಿಂದ ಗೀಚಿ, ತಾಮ್ರದ ರಿಬ್ಬನ್ ಇಟ್ಟು, ಸೋಲ್ಡರಿಂಗ್ ಐರನ್ನನ್ನು ಒತ್ತದೆ, ನಿಲ್ಲಿಸದೆ ಒಂದೇ ಉಸಿರಿಗೆ ಎಳೆಯಬೇಕು. ನಿಂತರೆ ಬೆಳ್ಳಿ ಏಳುತ್ತದೆ, ಒತ್ತಿದರೆ ಸೆಲ್ಲು ಸೀಳುತ್ತದೆ. ಫ್ಲಕ್ಸಿನಲ್ಲಿರುವುದು ಪೈನ್ ಮರದ ರಾಳ. ಕಾದಾಗ ಹೊಗೆಯೆದ್ದು ಮನೆಯೆಲ್ಲ ಘಮ್ಮೆನ್ನುತ್ತದೆ. ಒಳಗಿಂದ ನಮ್ಮ ಅತ್ತೆ ಬಂದು, “ಇವತ್ತು ಯಾವ ಪೂಜೆ?” ಎಂದು ಕೇಳಿದರು. “ಸೂರ್ಯನದು” ಅಂದ ಮಗ. ಅವರು ಅದನ್ನು ನಂಬಿ ಹಣೆಗೆ ಕೈ ಮುಟ್ಟಿಸಿ ಒಳಹೋದರು.

ಪಕ್ಕದ ಮನೆಯ ನಿವೃತ್ತ ಮ್ಯಾನೇಜರು ಕಾಗದ ಪೆನ್ನು ಹಿಡಿದೇ ಬಂದವರು. 65 ವ್ಯಾಟು, ದಿನಕ್ಕೆ ಐದು ಗಂಟೆಯ ಒಳ್ಳೆ ಬಿಸಿಲು: ತಿಂಗಳಿಗೆ ಹತ್ತು ಯೂನಿಟ್ಟೂ ಆಗುವುದಿಲ್ಲ. ಸರ್ಕಾರದ ಗೃಹಜ್ಯೋತಿ ಯೋಜನೆಯಿಂದಾಗಿ ಈ ಮನೆಗೆ ಕರೆಂಟಿನ ಬಿಲ್ಲೇ ಇಲ್ಲ. ಸೊನ್ನೆಯಲ್ಲಿ ಹತ್ತು ಕಳೆದರೆ ಎಷ್ಟು? ಅಷ್ಟೇ ಅಲ್ಲ, ಕಾರ್ಖಾನೆಯ ಪ್ಯಾನೆಲ್ಲೇ ಇದಕ್ಕಿಂತ ಅಗ್ಗ, ಜೊತೆಗೆ 25 ವರ್ಷದ ವಾರಂಟಿ. ಮನೆಯಲ್ಲಿ ಸಿಲಿಕೋನ್ ಬಳಿದು ಮುಚ್ಚಿದ್ದರೊಳಗೆ ಎರಡು ಮಳೆಗಾಲದಲ್ಲಿ ತೇವ ನುಗ್ಗಿ ತಾಮ್ರ ಹಸಿರಾಗುತ್ತದೆ. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಪ್ಯಾನೆಲ್ಲು ದುಬಾರಿಯಾಗಿದ್ದ ಕಾಲದಲ್ಲಿ ಈ ಹುಚ್ಚಿಗೆ ಉಳಿತಾಯ ಎಂಬ ನೆಪವಾದರೂ ಇತ್ತು. 1970ರ ದಶಕದಲ್ಲಿ ವ್ಯಾಟಿಗೆ ಹತ್ತಾರು ಡಾಲರ್ ಇತ್ತಂತೆ. ಈಗ ನೆಪವೂ ಹೋಗಿ ಶುದ್ಧ ಹುಚ್ಚೊಂದೇ ಉಳಿದಿದೆ, ಅದೇ ಇದರ ಸೊಗಸು ಅಂತ ನನ್ನ ಭಾವನೆ. ಮ್ಯಾನೇಜರು ಲೆಕ್ಕ ಮುಗಿಸಿಯೂ ಮನೆಗೆ ಹೋಗಲಿಲ್ಲ. ಕಾಫಿ ಕುಡಿದು, ಮಲ್ಟಿಮೀಟರ್ ತಾವೇ ಹಿಡಿದು, ಕತ್ತಲಾಗುವವರೆಗೆ ಕೂತಿದ್ದರು.

ಹಾಗೆ ನೋಡಿದರೆ ಪ್ಯಾನೆಲ್ಲಿನ ವಂಶವೇ ಕೈಕೆಲಸದ್ದು. ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ 1880ರ ದಶಕದಲ್ಲಿ ಸೆಲೆನಿಯಂ ಮೇಲೆ ಬೆಳಕು ತೂರುವಷ್ಟು ತೆಳ್ಳಗೆ ಚಿನ್ನ ಹೊದಿಸಿ ಸೆಲ್ಲು ಮಾಡಿ, ನ್ಯೂಯಾರ್ಕಿನ ಮಾಳಿಗೆಯೊಂದರ ಮೇಲೆ ಸಾಲಾಗಿ ಇಟ್ಟ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದು ಪಾಲೂ ಕರೆಂಟಾಗಲಿಲ್ಲವೆನ್ನಿ. ಒಂದನ್ನು ಜರ್ಮನಿಯ ವೆರ್ನರ್ ಸೀಮೆನ್ಸ್‌ಗೆ ಕಳಿಸಿದರೆ ಆತ ಬೆರಗಾಗಿ ಊರಿಗೆಲ್ಲ ತೋರಿಸಿದ. ಅದು ಯಾಕೆ ನಡೆಯುತ್ತದೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ. 1954ರಲ್ಲಿ ಬೆಲ್ ಪ್ರಯೋಗಾಲಯದವರು ನೂರಕ್ಕೆ ಆರರಷ್ಟು ಕೊಡುವ ಸಿಲಿಕಾನ್ ಸೆಲ್ಲು ತಂದಾಗ ಪತ್ರಕರ್ತರೆದುರು ತಿರುಗಿಸಿದ್ದು ಏನನ್ನು? ಆಟದ ಜಾಯಿಂಟ್ ವೀಲನ್ನು. ಮನೆಗೆ ಉಪಯೋಗವೇನು ಅಂತ ಅವರನ್ನು ಯಾವ ಅತ್ತೆಯೂ ಕೇಳಿರಲಿಕ್ಕಿಲ್ಲ.

ಇಡುವ ದಿಕ್ಕಿನದೇ ಒಂದು ರಗಳೆ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಅಷ್ಟೇ ಓರೆ ಮಾಡಿ ದಕ್ಷಿಣಕ್ಕೆ ಮುಖವಿಟ್ಟರೆ ವರ್ಷದ ಒಟ್ಟು ಬೆಳಕು ಚೆನ್ನಾಗಿ ಸಿಗುತ್ತದೆ. ದಕ್ಷಿಣ ಯಮನ ದಿಕ್ಕು, ಆ ಕಡೆ ಬಾಗಿಲಿಡಲೂ ಜನ ಹೆದರುತ್ತಾರೆ, ಪೂರ್ವಕ್ಕಿಡು ಎಂದು ಅತ್ತೆ ಹಟ ಹಿಡಿದರು. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೇ ಇರುತ್ತಾನೆ, ಆಗ ಬೆಳಕು ಕುಬೇರನ ಕಡೆಯಿಂದಲೇ ಬಂದಂತಾಯಿತಲ್ಲ ಎಂದು ಭಾವಮೈದುನ ಒಪ್ಪಿಸಿದ. ಸುಡುಬಿಸಿಲಲ್ಲಿ ಕರೆಂಟು ಉಕ್ಕಿ ಹರಿಯುತ್ತದೆಂಬ ನನ್ನ ನಂಬಿಕೆಗೂ ಅವನೇ ತಣ್ಣೀರೆರಚಿದ್ದು. ಪ್ಯಾನೆಲ್ಲಿಗೆ ಬೇಕಾದ್ದು ಬೆಳಕು, ಸೆಕೆಯಲ್ಲ. 25 ಡಿಗ್ರಿಗಿಂತ ಸೆಲ್ಲು ಕಾದಂತೆಲ್ಲ ಡಿಗ್ರಿಗೆ ನೂರಕ್ಕೆ 0.4ರಂತೆ ಶಕ್ತಿ ಸೋರುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಅದಕ್ಕೂ ನಮ್ಮ ಹಾಗೇ ಸುಸ್ತು.

ಈಗ ಅದು ತಾರಸಿಯ ಮೇಲೆ ಗಿಡ್ಡ ಕಾಲುಗಳ ಮೇಲೆ ನಿಂತು ಮೆಟ್ಟಿಲ ದೀಪ, ಎರಡು ಫೋನು, ಒಂದು ಎಫ್‌ಎಂ ರೇಡಿಯೊ ಸಾಕುತ್ತಿದೆ. ಅದರ ನಿಜವಾದ ಉಪಯೋಗ ಕಂಡುಹಿಡಿದವರು ಅತ್ತೆ. ಕರಿಬೇವು, ಪುದೀನ, ಒಂದೆಲಗ ಎಲ್ಲ ನೆರಳಲ್ಲೇ ಒಣಗಬೇಕಾದವು. ತಾರಸಿಯಲ್ಲಿ ಗಾಳಿಯೂ ಆಡುವ ಅಂಥ ನೆರಳು ಈ ಹಲಗೆಯ ಅಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಭಾವಮೈದುನ ಇನ್ನೊಂದು ಪ್ಯಾನೆಲ್ಲಿಗೆ ಸೆಲ್ಲು ತರಿಸುವ ಮಾತೆತ್ತಿದಾಗ ಮನೆಯಲ್ಲಿ ಯಾರೂ ಬಾಯಿ ತೆರೆಯಲಿಲ್ಲ, ಅತ್ತೆಯೊಬ್ಬರನ್ನು ಬಿಟ್ಟು.

“ತರಿಸು. ಆದರೆ ಈ ಸಲ ಕಾಲು ಎತ್ತರ ಇಡಿಸು, ಬಗ್ಗಿ ಬಗ್ಗಿ ನನ್ನ ಸೊಂಟ ಹೋಯಿತು.”