ಅಪ್ಪನ ಕಂತು, ಮಗನ ಕಾರು

ಮಕ್ಕಳಿಗೆ ದುಡ್ಡಿನ ಬೆಲೆ ಕಲಿಸಬೇಕೆಂಬ ಹುಚ್ಚು ಬೆಂಗಳೂರಿನ ಮಧ್ಯಮ ವರ್ಗಕ್ಕೆ ಹೊಸದಾಗಿ ಹಿಡಿದಿದೆ. ಹಿಂದೆ ಈ ಪಾಠಕ್ಕೆ ಪ್ರತ್ಯೇಕ ತರಗತಿ ಬೇಕಿರಲಿಲ್ಲ. ಮನೆಯಲ್ಲಿ ದುಡ್ಡೇ ಇರುತ್ತಿರಲಿಲ್ಲವಾದ್ದರಿಂದ ಬೆಲೆ ತಾನಾಗಿಯೇ ಗೊತ್ತಾಗುತ್ತಿತ್ತು. ಈಗ ದುಡ್ಡು ಮನೆಯಲ್ಲೇ ಇದೆ, ಅದರ ಬೆಲೆಯನ್ನು ಯೂಟ್ಯೂಬಿನಿಂದ ತರಿಸಿಕೊಳ್ಳಬೇಕಾಗಿದೆ. ಅಲ್ಲಿ ಕೋಟು ತೊಟ್ಟ ಒಬ್ಬ ಮಹನೀಯ ಬಿಳಿ ಹಲಗೆಯ ಮುಂದೆ ನಿಂತು, ಮಗು ಹದಿಮೂರಕ್ಕೆ ಉಳಿಸಲು ಕಲಿತರೆ ಮೂವತ್ತಕ್ಕೆ ಕೋಟ್ಯಧೀಶ ಎನ್ನುತ್ತಾನೆ. ಅವನು ಕೋಟ್ಯಧೀಶನಾದದ್ದು ಉಳಿಸಿ ಅಲ್ಲ, ಉಳಿಸಿ ಎಂದು ಹೇಳಿ.

ನನ್ನ ಷಡ್ಡಕರು ಆ ಮಹನೀಯನ ಪರಮಭಕ್ತರು. ಐದು ವರ್ಷದ ಹಿಂದೆ, ಮಗನಿಗೆ ಹದಿಮೂರು ತುಂಬಿದ ದಿನ, ಕೇಕಿನ ಚೂರು ಬಾಯಲ್ಲಿರುವಾಗಲೇ ಘೋಷಿಸಿದರು: "ಹದಿನೆಂಟಕ್ಕೆ ಇವನು ಸ್ವಂತ ದುಡ್ಡಲ್ಲಿ ಕಾರು ತಗೋತಾನೆ, ನೋಡ್ತಾ ಇರಿ ಭಾವ."

ಸ್ವಂತ ದುಡ್ಡು ಎಲ್ಲಿಂದ ಬರಬೇಕು? ಈ ಯೋಜನೆ ಹುಟ್ಟಿದ ಅಮೆರಿಕದಲ್ಲಿ ಅದಕ್ಕೆ ದಾರಿಯಿದೆ. ಅಲ್ಲಿ ಹದಿನಾರರ ಹುಡುಗ ಶಾಲೆ ಮುಗಿಸಿ ಬರ್ಗರ್ ಅಂಗಡಿಯ ನೆಲ ಒರೆಸುತ್ತಾನೆ, ಪಕ್ಕದ ಮನೆಯ ಹುಲ್ಲು ಕತ್ತರಿಸುತ್ತಾನೆ, ಬಂದ ಡಾಲರ್ ಕೂಡಿಟ್ಟು ಯಾರೋ ಓಡಿಸಿ ಬಿಟ್ಟ ಹಳೇ ಕಾರು ಕೊಳ್ಳುತ್ತಾನೆ. ಷಡ್ಡಕರು ಆ ಯೋಜನೆಯನ್ನು ಇಡಿಯಾಗಿ ತಂದರು, ನೆಲ ಒರೆಸುವುದನ್ನು ಮಾತ್ರ ಅಲ್ಲೇ ಬಿಟ್ಟು ಬಂದರು. ಬೇಸಿಗೆ ರಜೆಯಲ್ಲಿ ಹುಡುಗ ಹತ್ತಿರದ ದರ್ಶಿನಿಯಲ್ಲಿ ಟೋಕನ್ ಹರಿದು ಕೊಡಲಿ ಎಂದು ನಾನೊಮ್ಮೆ ಬಾಯ್ತಪ್ಪಿ ಅಂದಿದ್ದೆ. ನಾದಿನಿ ಎರಡು ವಾರ ನನಗೆ ಕಾಫಿ ಕೊಡಲಿಲ್ಲ.

ಹಾಗಾಗಿ ದುಡಿಮೆಯನ್ನು ಮನೆಯೊಳಗೇ ಸೃಷ್ಟಿಸಲಾಯಿತು. ಫ್ರಿಜ್ಜಿನ ಬಾಗಿಲಿಗೆ ಒಂದು ದರಪಟ್ಟಿ ಅಂಟಿಕೊಂಡಿತು. ಹಾಸಿಗೆ ಮಡಿಸಿದರೆ 20 ರೂಪಾಯಿ. ಉಂಡ ತಟ್ಟೆ ಸಿಂಕಿಗೆ ಹಾಕಿದರೆ 10. ತುಳಸಿಗೆ ನೀರು 15. ತಿಪಟೂರಿನ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಿದರೆ 25, ಐದು ನಿಮಿಷ ಮೀರಿದರೆ ಬೋನಸ್. ಕಂಪನಿಯಲ್ಲಿ ಎಚ್‌ಆರ್ ಆಗಿರುವ ಷಡ್ಡಕರು ವರ್ಷಕ್ಕೊಮ್ಮೆ ಇಂಕ್ರಿಮೆಂಟನ್ನೂ ಇಟ್ಟಿದ್ದರು. ಆ ಮನೆಯಲ್ಲಿ ಸಮಯಕ್ಕೆ ಸರಿಯಾಗಿ ಇಂಕ್ರಿಮೆಂಟ್ ಪಡೆದವನು ಹುಡುಗ ಒಬ್ಬನೇ. ಪಾತ್ರೆ ತೊಳೆಯಲು ಬರುವ ಹೆಂಗಸು ಒಂದು ದಿನ ಆ ಪಟ್ಟಿಯಲ್ಲಿ ಏನಿದೆ ಎಂದು ನನ್ನಿಂದ ಓದಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೋಟ್ಲಲ್ಲಿ ತಟ್ಟೆ ತೊಳೆದ್ರೆ ದುಡ್ಡು ಕೊಡ್ತಾರೆ ಸಾರ್. ಇಲ್ಲಿ ತಂದು ಹಾಕಿದ್ರೇ ಕೊಡ್ತಾರಾ?" ಅವಳೂ ಉಳಿಸುತ್ತಾಳೆ, ಇಪ್ಪತ್ತು ಜನ ಸೇರಿ ನಡೆಸುವ ಚೀಟಿಯಲ್ಲಿ. ಅವಸರಕ್ಕೆ ಕೂಗಿ ಎತ್ತಿದವರಿಗೆ ನಷ್ಟ, ಕೊನೆಯವರೆಗೆ ಕಾದವರಿಗೆ ಲಾಭ ಎನ್ನುವುದು ಅವಳಿಗೆ ಬಿಳಿ ಹಲಗೆಯ ಸಹಾಯವಿಲ್ಲದೆ ಗೊತ್ತು. ದುಡ್ಡಿನ ಬೆಲೆ ಬಲ್ಲ ಒಂದು ಜೀವ ದಿನಕ್ಕೆರಡು ಸಲ ಆ ಮನೆಯ ಹಿಂಬಾಗಿಲಿಂದ ಬಂದು ಹೋಗುತ್ತಿತ್ತು. ಅವಳ ಹತ್ತಿರ ಹೋಗಿ ಪಾಠ ಹೇಳಿಸಿಕೋ ಎಂದು ಹುಡುಗನಿಗೆ ಯಾರೂ ಹೇಳಲಿಲ್ಲ.

ಸುದ್ದಿ ತಿಪಟೂರಿಗೂ ಮುಟ್ಟಿತು. ಅಜ್ಜಿ ಮಗನಿಗೆ ಫೋನು ಮಾಡಿ ಕೇಳಿದರಂತೆ: "ಏನೋ, ನನ್ನ ಹತ್ರ ಮಾತಾಡೋಕೆ ನಿನಗೂ ಯಾರಾದ್ರೂ ಕೊಡ್ತಾರೇನೋ? ಮೂರು ತಿಂಗಳಿಂದ ಪತ್ತೆಯಿಲ್ಲ, ರೇಟು ಸಾಲದೇನೋ ಅಂದ್ಕೊಂಡೆ."

ದರಪಟ್ಟಿಯ ಗಳಿಕೆ, ಹಬ್ಬಕ್ಕೆ ದೊಡ್ಡವರು ಕೈಗಿಟ್ಟ ಕಾಸು, ಉಪನಯನದಲ್ಲಿ ಒಂದು ರೂಪಾಯಿ ನಾಣ್ಯ ಅಂಟಿಸಿಕೊಂಡು ಬಂದ ಕವರುಗಳು, ಎಲ್ಲ ಸೇರಿ ತಿಂಗಳಿಗೆ ಎರಡು ಸಾವಿರದಂತೆ ಅಂಚೆ ಕಚೇರಿಯ ಆರ್‌ಡಿಗೆ ಹೋಯಿತು. ಹತ್ತು ದಾಟಿದ ಮಕ್ಕಳು ತಮ್ಮ ಹೆಸರಿನಲ್ಲೇ ಅಲ್ಲಿ ಖಾತೆ ತೆರೆಯಬಹುದು, ಅದೊಂದು ನಿಜವಾಗಿಯೂ ಒಳ್ಳೆಯ ವ್ಯವಸ್ಥೆ. ಐದು ವರ್ಷಕ್ಕೆ ಬಡ್ಡಿ ಸೇರಿ 1 ಲಕ್ಷ 40 ಸಾವಿರದ ಆಸುಪಾಸು ಬಂತು. ಅಪ್ಪನ ಎಡಜೇಬಿನಿಂದ ಹೊರಟ ದುಡ್ಡು ಮಗನ ಕೈ ಮುಟ್ಟಿ ಅಂಚೆ ಕಚೇರಿಯಲ್ಲಿ ವಿಶ್ರಮಿಸಿ ಅಪ್ಪನ ಬಲಜೇಬಿನ ಹತ್ತಿರ ಬಂದು ನಿಂತಿತ್ತು. ಇದಕ್ಕೆ 'ಆರ್ಥಿಕ ಶಿಸ್ತು' ಎಂದು ಹೆಸರು.

ನಡುವೆ ಹುಡುಗನಿಗೆ ಹದಿನಾರಾದಾಗ ಶಿಸ್ತಿನ ಎರಡನೇ ಅಧ್ಯಾಯ ಶುರುವಾಯಿತು. ಭಾನುವಾರ ಬೆಳಗ್ಗೆ ಅಪ್ಪನ ಹಳೇ ಕಾರಿನಲ್ಲಿ ಡ್ರೈವಿಂಗ್. "ಲೇಔಟ್ ಒಳಗೆ ತಾನೆ ಭಾವ, ಮೇನ್ ರೋಡಿಗೆ ಬಿಡೋಲ್ಲ." ಮೋಟಾರು ವಾಹನ ಕಾಯ್ದೆಯಲ್ಲಿ ಲೇಔಟಿಗೆ ವಿನಾಯಿತಿ ಇರುವುದನ್ನು ನಾನು ಕಂಡಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮು ಮಾತ್ರ ಕಂಡಿದೆ. ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೋ ಗಾಡಿಯ ಮಾಲೀಕರಿಗೋ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ಚಕ್ರಬಡ್ಡಿಯನ್ನು ಬಾಯಿಪಾಠ ಮಾಡಿಸಿದ ತಂದೆಗೆ ಈ ಲೆಕ್ಕ ಫ್ರಿಜ್ಜಿನ ಪಟ್ಟಿಗೆ ಸೇರಿಸಲು ನೆನಪಾಗಲಿಲ್ಲ. ಬದಲಿಗೆ ಹುಡುಗ ರಿವರ್ಸ್ ತೆಗೆಯುವ ವಿಡಿಯೊ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂತು. ನಲವತ್ತು ಜನ ಹೆಬ್ಬೆರಳೆತ್ತಿದರು, ಅವರಲ್ಲಿ ಒಬ್ಬರು ನಿವೃತ್ತ ಸರ್ಕಾರಿ ವಕೀಲರು.

ಹೆಬ್ಬೆರಳೆತ್ತುವ ಈ ಬಂಧುಬಳಗಕ್ಕೆ ಪುಣೆ ನೆನಪಿರಬೇಕಿತ್ತು. 2024ರ ಮೇ ತಿಂಗಳಲ್ಲಿ ಅಲ್ಲಿನ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗನೊಬ್ಬ ನಡುರಾತ್ರಿ ಓಡಿಸುತ್ತಿದ್ದ ಪೋರ್ಷೆ ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಕೆಲವೇ ಗಂಟೆಗಳಲ್ಲಿ ಜಾಮೀನು ಸಿಕ್ಕಿತು. ರಸ್ತೆ ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕು ಎನ್ನುವುದು ಅದರ ಷರತ್ತುಗಳಲ್ಲೊಂದು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಆ ಆದೇಶ ಬದಲಾಯಿತು ಎನ್ನುವುದು ಬೇರೆ ಮಾತು. ನೀವು ಓದುತ್ತಿರುವ ಈ ಅಂಕಣ ಆ ಪ್ರಬಂಧಕ್ಕಿಂತ ಮೂರು ನಾಲ್ಕು ಪಟ್ಟು ಉದ್ದ. ನಾನು ಯಾರ ಮೇಲೂ ಗಾಡಿ ಹತ್ತಿಸಿಲ್ಲ.

ಆಯಿತು, ಹದಿನೆಂಟು ತುಂಬಿತು. ಎಲ್‌ಎಲ್ ಆಯಿತು, ತಿಂಗಳು ಕಾದು ಟ್ರ್ಯಾಕಿನಲ್ಲಿ ಪರೀಕ್ಷೆಯೂ ಆಯಿತು. ಒಂದೂವರೆ ಲಕ್ಷದೊಳಗೆ ಸಿಗುವ ಸೆಕೆಂಡ್ ಹ್ಯಾಂಡ್ ಪುಟ್ಟ ಕಾರೊಂದನ್ನು ನಾನು ಪರಿಚಯದ ಮೆಕ್ಯಾನಿಕ್ ಹತ್ತಿರ ನೋಡಿಟ್ಟಿದ್ದೆ. ಫಾರಂ 29, ಫಾರಂ 30ಕ್ಕೆ ಸಹಿ ಹಾಕಿದರೆ ಆರ್‌ಸಿ ಹುಡುಗನ ಹೆಸರಿಗೇ. ತರಚಿದ್ದರೂ ಅವನದೇ, ಕೆಟ್ಟು ನಿಂತರೂ ಅವನದೇ. ಐದು ವರ್ಷದ ಆ ನಾಟಕ ಕೊನೆಯ ಅಂಕದಲ್ಲಾದರೂ ನಿಜವಾಗುವ ಒಂದೇ ಅವಕಾಶ ಅದಾಗಿತ್ತು. ಷಡ್ಡಕರು ಶವದ ವಾಸನೆ ಬಂದವರಂತೆ ಮುಖ ಮಾಡಿದರು.

"ಮೊದಲನೇ ಕಾರು ಸೆಕೆಂಡ್ ಹ್ಯಾಂಡಾ ಭಾವ? ಜನ ಏನಂತಾರೆ?"

ಜನ ಏನೂ ಅನ್ನುವುದಿಲ್ಲ. ಜನ ಅವರವರ ಕಂತು ಕಟ್ಟುವುದರಲ್ಲಿರುತ್ತಾರೆ. ಆದರೆ ಆ ವೇಳೆಗೆ ಸರ್ಕಾರವೂ ಷಡ್ಡಕರ ಕಡೆಗೇ ನಿಂತುಬಿಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತಲ್ಲ, ಅವರು ಕುಣಿದಾಡಿದರು. ಇಳಿದ ತೆರಿಗೆಯಲ್ಲಿ ಎಷ್ಟು ಉಳಿಯಿತೆಂದು ಕೂಡಿ ಕಳೆದು, ಆ ಉಳಿತಾಯಕ್ಕೆ ಇನ್ನೊಂದಿಷ್ಟು ಸಾಲ ಸೇರಿಸಿ, ಸನ್‌ರೂಫ್ ಇರುವ ಮೇಲಿನ ವೇರಿಯಂಟಿಗೆ ಹೋದರು. ಬೆಂಗಳೂರಿನಲ್ಲಿ ಸನ್‌ರೂಫ್ ಯಾಕೆಂದು ಕೇಳಬೇಡಿ. ಫ್ಲೈಓವರ್ ಕಾಮಗಾರಿಯ ಸಿಮೆಂಟು ಪುಡಿ ಒಳಗೆ ಬರಲು ಕಿಟಕಿಗಳು ಸಾಲುತ್ತಿರಲಿಲ್ಲವೇನೋ.

ಎಕ್ಸ್ ಶೋರೂಮ್ ಹನ್ನೆರಡು ಲಕ್ಷ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇ 17, ಅಂದರೆ 2 ಲಕ್ಷ 4 ಸಾವಿರ, ಸೆಸ್ ಬೇರೆ. ಈಗ ಹುಡುಗನ 1 ಲಕ್ಷ 40 ಸಾವಿರವನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಐದು ವರ್ಷ ಮಡಿಸಿದ ಹಾಸಿಗೆ, ಎತ್ತಿದ ತಟ್ಟೆ, ಅಜ್ಜಿಯೊಂದಿಗೆ ಆಡಿದ ಮಾತು ಎಲ್ಲವೂ ಸೇರಿ ಆರ್‌ಟಿಒ ಬಾಗಿಲು ದಾಟಲಿಲ್ಲ. ಕಾರಿನ ಒಂದು ವೈಪರ್ ಕೂಡ ಅವನದಲ್ಲ. ಉಳಿದದ್ದಕ್ಕೆ ಏಳು ವರ್ಷದ ಸಾಲ. ಸಂಬಳದ ಚೀಟಿಯಿಲ್ಲದ ಹದಿನೆಂಟರವನಿಗೆ ಯಾವ ಬ್ಯಾಂಕು ಕೊಡುತ್ತದೆ? ಸಾಲ ಅಪ್ಪನ ಹೆಸರಿಗೆ, ಆರ್‌ಸಿ ಅಪ್ಪನ ಹೆಸರಿಗೆ, ಇನ್ಶೂರೆನ್ಸ್ ಅಪ್ಪನ ಹೆಸರಿಗೆ, ಸಿಗ್ನಲ್ ಹಾರಿದ ಚಲನ್ನು ಅಪ್ಪನ ಮೊಬೈಲಿಗೆ.

ಡೆಲಿವರಿ ದಿನ ಶೋರೂಮಿನವರು ರೇಷ್ಮೆ ಬಟ್ಟೆ ಹೊದಿಸಿದ್ದರು. ಆಳೆತ್ತರದ ಥರ್ಮೋಕೋಲ್ ಕೀಲಿ ಕೊಟ್ಟರು, ಕೇಕ್ ಕತ್ತರಿಸಿದರು, ಚಕ್ರದಡಿ ನಿಂಬೆಹಣ್ಣಿಟ್ಟರು. ಸಂಜೆ ಹುಡುಗನ ಇನ್‌ಸ್ಟಾಗ್ರಾಮಿನಲ್ಲಿ ಚಿತ್ರ ಬಂತು: "ನನ್ನ ಸ್ವಂತ ದುಡಿಮೆಯ ಮೊದಲ ಕಾರು." ಷಡ್ಡಕರ ಕಣ್ಣಲ್ಲಿ ನೀರು. ಮೊದಲ ಕಂತು ಐದನೇ ತಾರೀಕು.

ಕಾರು ಈಗ ಎದುರು ಮನೆಯವರ ಗೇಟಿನ ಮುಂದೆ ನಿಲ್ಲುತ್ತದೆ, ಇವರ ಗೇಟಿನ ಮುಂದೆ ಹಳೆಯದಿದೆಯಲ್ಲ. ಕಾಲೇಜಿಗೆ ಹುಡುಗ ಮೆಟ್ರೊದಲ್ಲೇ ಹೋಗುತ್ತಾನೆ, ಬುದ್ಧಿವಂತ. ಟಾಮ್‌ಟಾಮ್‌ನವರ 2024ರ ಲೆಕ್ಕದಲ್ಲಿ ಈ ಊರಿನಲ್ಲಿ ಹತ್ತು ಕಿಲೋಮೀಟರಿಗೆ ಸರಾಸರಿ 34 ನಿಮಿಷ. ಗಟ್ಟಿಯಾಗಿ ತುಳಿದರೆ ಸೈಕಲ್ಲೂ ಮುಟ್ಟುತ್ತದೆ.

ಇಷ್ಟೆಲ್ಲ ಹೇಳಿ ಆ ಮನೆಯ ಎರಡನೇ ಮಗುವಿನ ಮಾತೇ ಎತ್ತಲಿಲ್ಲ. ಹುಡುಗಿಗೆ ಈಗ ಹದಿನಾಲ್ಕು. ಫ್ರಿಜ್ಜಿನ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ತಟ್ಟೆ ಎತ್ತುವುದು, ತುಳಸಿಗೆ ನೀರೆರೆಯುವುದು, ಅಜ್ಜಿಗೆ ಫೋನು ಮಾಡುವುದು ಹೆಣ್ಣುಮಕ್ಕಳ ವಿಷಯದಲ್ಲಿ ಸಂಸ್ಕಾರ, ಅದಕ್ಕೆ ದರ ಕಟ್ಟಬಾರದು. ಅವಳ ಕಾರಿನ ಆರ್‌ಡಿ ಯಾವಾಗ ಎಂದು ಕೇಳಿದ್ದಕ್ಕೆ ಷಡ್ಡಕರು, "ಅವಳಿಗೆ ಸುಕನ್ಯಾ ಸಮೃದ್ಧಿಲಿ ಹಾಕ್ತಿದ್ದೀನಲ್ಲ ಭಾವ" ಎಂದರು. ನಿಜ, 2015ರಲ್ಲಿ ಯೋಜನೆ ಬಂದ ವರ್ಷವೇ ತೆರೆದ ಖಾತೆ. ಬಡ್ಡಿ ಆರ್‌ಡಿಗಿಂತ ಹೆಚ್ಚು. ಅಣ್ಣನ ಗಂಟಿಗಿಂತ ತಂಗಿಯ ಗಂಟು ದೊಡ್ಡದು, ಮನೆಯಲ್ಲಿ ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ.

ಆ ಗಂಟಿನಿಂದಲೂ ನಮ್ಮ ಕಡೆ ಕಾರು ಬರುತ್ತದೆ. ಆದರೆ ಸ್ಟೇರಿಂಗ್ ಹಿಂದೆ ಅಳಿಯ ಇರುತ್ತಾನೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅಲ್ಲಿಂದೀಚೆಗೆ ಬಾಯಿಬಿಟ್ಟು ಕೇಳುವ ಮರ್ಯಾದಸ್ಥರಿಲ್ಲ. "ನಮಗೇನೂ ಬೇಡಪ್ಪ, ನಿಮ್ಮ ಮಗಳೇ ಓಡಾಡೋದಲ್ವಾ, ಅವಳ ಅನುಕೂಲಕ್ಕೆ..." ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸುವವರಿದ್ದಾರೆ. ಮಿಕ್ಕ ಅರ್ಧವನ್ನು ಹುಡುಗಿಯ ಅಪ್ಪ ಶೋರೂಮಿಗೆ ಹೋಗಿ ಪೂರ್ತಿ ಮಾಡುತ್ತಾನೆ. ಗಂಡುಮಗುವಿಗೆ ಹದಿನೆಂಟಕ್ಕೆ ಅಪ್ಪ ಕೊಡಿಸುತ್ತಾನೆ, ಇಪ್ಪತ್ತೆಂಟಕ್ಕೆ ಮಾವ ಕೊಡಿಸುತ್ತಾನೆ, ಎರಡೂ ಸಲ ಅವನು 'ನನ್ನ ಕಾರು' ಎನ್ನುತ್ತಾನೆ. ದರಪಟ್ಟಿ ಹುಡುಗನಿಗೆ ಉಳಿತಾಯ ಕಲಿಸಿತೋ ಇಲ್ಲವೋ, ಈ ಸರ್ವನಾಮವನ್ನಂತೂ ಚೆನ್ನಾಗಿ ಕಲಿಸಿತು.

ಹೋದ ಭಾನುವಾರ ಊಟಕ್ಕೆ ಕೂತಾಗ ಹುಡುಗಿ ಮಜ್ಜಿಗೆ ಬಡಿಸುತ್ತ ಕೇಳಿದಳು. "ದೊಡ್ಡಪ್ಪ, ಹದಿನೆಂಟಾದ್ಮೇಲೆ ಸುಕನ್ಯಾ ಖಾತೆ ನಾನೇ ನಡೆಸ್ಬೇಕಂತೆ, ರೂಲ್ಸಲ್ಲಿದೆ. ಮದುವೆಗೆ ಅಂತ ಮಧ್ಯದಲ್ಲಿ ಮುಚ್ಚದೆ ಇಪ್ಪತ್ತೊಂದು ವರ್ಷ ಪೂರ್ತಿ ಬಿಟ್ರೆ ಬಡ್ಡಿ ತುಂಬಾ ಬರುತ್ತೆ. ಆ ದುಡ್ಡಲ್ಲಿ ಕಾರು ತಗೊಂಡ್ರೆ ಸಾಲ ಇರಲ್ಲ, ಆರ್‌ಸಿ ನನ್ನ ಹೆಸರಲ್ಲೇ ಆಗುತ್ತೆ ಅಲ್ವಾ?"

"ಅದು ಮದುವೆ ದುಡ್ಡು ಪುಟ್ಟೀ" ಎಂದರು ಷಡ್ಡಕರು, ಉಪ್ಪಿನಕಾಯಿ ಕಡೆ ನೋಡುತ್ತ.

"ಪಾಸ್‌ಬುಕ್ಕಲ್ಲಿ ಹಾಗೆ ಬರ್ದಿಲ್ಲಪ್ಪ."