ಯಥಾಸ್ಥಿತಿ

ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆವರಣದಲ್ಲಿ ನಿವೇಶನದ ಒಡೆತನಕ್ಕಾಗಿ ದಾವೆ ಹೂಡಿದ್ದ ರಾಯರು ತಮ್ಮ ವಕೀಲರನ್ನು ವಿನಯದಿಂದಲೇ ಪ್ರಶ್ನಿಸಿದರು:

"2002ರ ಜುಲೈ 1ರಂದು ಜಾರಿಗೆ ಬಂದ ತಿದ್ದುಪಡಿಯಂತೆ ವಾಯಿದೆ, ಅಂದರೆ ವಿಚಾರಣೆಯ ಮುಂದೂಡಿಕೆ, ಒಂದು ಪಕ್ಷಕ್ಕೆ ಮೂರನ್ನು ಮೀರಬಾರದಲ್ಲವೇ?"

"ಮೀರಿಲ್ಲ ರಾಯರೇ, ಉಳಿದವುಗಳಿಗೆ ಕಾರಣಗಳೇ ಕೈಮೀರಿದ್ದವು."

"ಇದ್ದ ಸ್ಥಿತಿಯನ್ನು ಕದಲಿಸದಂತೆ ವಿಧಿಸುವ ಯಥಾಸ್ಥಿತಿ ಆದೇಶವಿದ್ದರೂ ಪ್ರತಿವಾದಿಯು ಮೂರನೆಯ ಮಹಡಿ ಏರಿಸಿದ್ದಾನಲ್ಲ?"

"ಯಥಾಸ್ಥಿತಿಯೆಂದರೆ ಅದೇ: ಆದೇಶಕ್ಕೆ ಮುಂಚೆಯೂ ಅವನು ಮನೆ ಕಟ್ಟುತ್ತಿದ್ದ, ನೀವು ಶುಲ್ಕ ಕಟ್ಟುತ್ತಿದ್ದಿರಿ, ಇಬ್ಬರೂ ಕಟ್ಟುವುದನ್ನು ನಿಲ್ಲಿಸಿಲ್ಲ."

"ಹಾಗಾದರೆ ಸುಧಾರಣೆ?"

"ಧಾರಾಳವಾಗಿ ಆಗಿದೆ, ಮುಂದಿನ ದಿನಾಂಕ ಈಗ ಮೊಬೈಲಿಗೇ ಬರುತ್ತದೆ."

ದಂಡಸಂಹಿತೆ 2024ರಲ್ಲಿ ಬದಲಾಯಿತು. ದಾವೆಗಳ ನಡಾವಳಿಯನ್ನು ನಿರ್ಧರಿಸುವ ಸಿವಿಲ್ ಪ್ರಕ್ರಿಯಾ ಸಂಹಿತೆ, ಹಲವು ತಿದ್ದುಪಡಿಗಳ ನಂತರವೂ, 1908ರದ್ದೇ.