ಒಂದ್ನಿಮಿಷ ನಿಲ್ಲಿಸ್ತೀನಿ

ಊರಿಗೊಬ್ಬ ಚೀಟಿ ನಡೆಸುವವನು, ಹೋಬಳಿಗೊಬ್ಬ ನಾಟಕದ ಮೇಷ್ಟ್ರು ಹೇಗೋ, ನಾಲ್ಕು ತಾಲ್ಲೂಕಿಗೆ ಒಬ್ಬರಂತೆ ‘ಒಳ್ಳೇ ಸಿನಿಮಾ ತೋರಿಸುವವರು’ ಇದ್ದೇ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ನಿವೃತ್ತ ಹೈಸ್ಕೂಲು ಗಣಿತದ ಮೇಷ್ಟ್ರು. ಅವರ ಸೀಮೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಅವರ ಆಸ್ತಿ ಒಂದು ಪ್ರೊಜೆಕ್ಟರ್, ಒಂದು ಹಾರ್ಡ್ ಡಿಸ್ಕ್, ಕೆಮ್ಮುವ ಸ್ಕೂಟರ್, ಮತ್ತು ಹಿಂದಿನ ಸೀಟಿನಲ್ಲಿ ಪ್ರೊಜೆಕ್ಟರನ್ನು ತೊಡೆ ಮೇಲಿಟ್ಟುಕೊಂಡು ಕೂರುವ ನಾನು.

ಹಾರ್ಡ್ ಡಿಸ್ಕಿನಲ್ಲಿ ಸಾಕ್ಷ್ಯಚಿತ್ರ, ಕಥಾಚಿತ್ರ, ಸಂಗೀತ ಕಛೇರಿಯ ಚಿತ್ರ ಎಂದು ಬೇರೆ ಬೇರೆ ಗಂಟು. ಗಣಿತದವರಲ್ಲವೇ, ಪ್ರತಿಯೊಂದಕ್ಕೂ ಅಂಕ ಕೊಟ್ಟಿದ್ದಾರೆ. ಡಿ ಸಿಕಾನ ‘ಬೈಸಿಕಲ್ ಥೀವ್ಸ್’ಗೆ ನೂರಕ್ಕೆ ನೂರು. ಕುರೊಸಾವಾನ ‘ರಾಶೊಮೊನ್’ಗೆ ತೊಂಬತ್ತಾರು. “ನಾಲ್ಕು ಎಲ್ಲಿ ಹೋಯ್ತು ಸಾರ್?” ಎಂದು ಕೇಳಿದೆ. “ಕೊನೇಲಿ ಉತ್ತರ ಬರೆದಿಲ್ಲ ಕಣಯ್ಯಾ” ಎಂದರು.

ಅವರ ತಲೆಗೆ ಹುಳ ಬಿಟ್ಟದ್ದು ಹೆಗ್ಗೋಡು. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಶುರು ಮಾಡಿ ಮಲೆನಾಡಿನ ಹಳ್ಳಿಯವರಿಗೆ ರಾಯ್, ಕುರೊಸಾವಾ ತೋರಿಸಿದರಲ್ಲ, ಅದನ್ನು ಮೇಷ್ಟ್ರು ಇವತ್ತಿಗೂ ಹೊಟ್ಟೆಕಿಚ್ಚಿನಿಂದಲೇ ನೆನೆಯುತ್ತಾರೆ. “ಅಡಿಕೆ ಬೆಳೆಯೋರು ನೋಡಬಹುದಂತೆ, ಕಬ್ಬು ಬೆಳೆಯೋರು ಯಾಕಯ್ಯಾ ನೋಡಬಾರದು?” ಈ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ರಾತ್ರಿ ಎಂಟೂವರೆಗೆ ಸಿಗುತ್ತದೆ, ತ್ರೀ ಫೇಸ್ ಕರೆಂಟು ಬಂದಾಗ. “ಸಾ, ಮೋಟ್ರು ಹಾಕ್‌ಬುಟ್ ಬತ್ತೀವಿ” ಎಂದು ಗಂಡಸರೆಲ್ಲ ಒಟ್ಟಿಗೆ ಎದ್ದು ಹೋಗುತ್ತಾರೆ. ಐಸೆನ್‌ಸ್ಟೈನನ ಒಡೆಸಾ ಮೆಟ್ಟಿಲ ಮೇಲೆ ಜಾರ್ ದೊರೆಯ ಸೈನಿಕರು ಗುಂಡು ಹಾರಿಸುತ್ತ ಇಳಿಯುವಾಗ, ಇತ್ತ ಖಾಲಿ ಚಾಪೆಗಳ ಮುಂದೆ ಮೇಷ್ಟ್ರು ಮತ್ತು ನಾನು. ಮೂಕಿ ಚಿತ್ರವೆಂದರೆ ಅವರಿಗೆ ಪಂಚಪ್ರಾಣ. ಅಲ್ಲಿ ಅವರ ಮಾತಿಗೆ ಪೈಪೋಟಿಯೇ ಇಲ್ಲ.

ಕರೆಂಟನ್ನು ಸಹಿಸಬಹುದು. ಸಹಿಸಲಾಗದ್ದು ರಿಮೋಟು.

ಮೇಷ್ಟ್ರು ಯಾವ ಚಿತ್ರವನ್ನೂ ಅದರ ಪಾಡಿಗೆ ಓಡಲು ಬಿಟ್ಟವರಲ್ಲ. “ಒಂದ್ನಿಮಿಷ ನಿಲ್ಲಿಸ್ತೀನಿ” ಎಂದು ಗುಂಡಿ ಒತ್ತಿದರೆಂದರೆ ಇಟಲಿಯ ನಿರುದ್ಯೋಗ, ಯುದ್ಧಾನಂತರದ ಯುರೋಪು ಎಲ್ಲವೂ ಮುಗಿಯಬೇಕು. ಒಂದೂವರೆ ಗಂಟೆಯ ‘ಬೈಸಿಕಲ್ ಥೀವ್ಸ್’ ಅವರ ಕೈಯಲ್ಲಿ ಮೂರು ಗಂಟೆ ಹಿಡಿಯುತ್ತದೆ. ಸೈಕಲ್ಲು ಸಿಗುವುದಿಲ್ಲವೆಂದು ಜನಕ್ಕೆ ಮೊದಲ ಅರ್ಧ ಗಂಟೆಯಲ್ಲೇ ತಿಳಿದುಹೋಗಿರುತ್ತದೆ.

ಕಿಕ್ಕೇರಿ ಕಡೆ ನಡೆದದ್ದನ್ನು ಹೇಳಲೇಬೇಕು. ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರೆಂಬ ಗೌರವಕ್ಕೆ ನಾಗಾಭರಣರ ‘ಮೈಸೂರು ಮಲ್ಲಿಗೆ’ ಹಾಕುವುದಾಗಿ ಮೈಕಿನಲ್ಲಿ ಸಾರಿಸಿದ್ದರು. ಹೆಂಗಸರು ಬೇಗ ಅಡಿಗೆ ಮುಗಿಸಿ, ಮಕ್ಕಳನ್ನು ಕಟ್ಟಿಕೊಂಡು ಬಂದರು. ಮೇಷ್ಟ್ರು “ಅದಕ್ಕೂ ಮುಂಚೆ ಸಣ್ಣದೊಂದು” ಎಂದು ಗುಲ್ಜಾರ್ ತೆಗೆದ ಭೀಮಸೇನ ಜೋಶಿಯವರ ಸಾಕ್ಷ್ಯಚಿತ್ರ ಬಿಟ್ಟರು. ಜನ ಪಾಪ, ಕೂತು ಕೇಳುತ್ತಲೂ ಇದ್ದರು. ಆ ದನಿಗೆ ಭಾಷೆ ಬೇಕಿಲ್ಲವಲ್ಲ. ತಾನ್ ಮೇಲೆ ಮೇಲೆ ಹತ್ತಿ, ಇನ್ನೇನು ಷಡ್ಜಕ್ಕೆ ಇಳಿಯಬೇಕು ಎನ್ನುವಾಗ ರಿಮೋಟು ಒತ್ತಿದರು. ಪಂಚೆಯಗಲದ ಪರದೆ ಮೇಲೆ ಪಂಡಿತರು ಬಾಯಿ ತೆರೆದು, ಕಣ್ಣು ಮುಚ್ಚಿ, ಕೈ ಮೇಲಕ್ಕೆತ್ತಿ ನಿಂತುಬಿಟ್ಟರು. ಮುಂದೆ ಕೂತಿದ್ದ ಮಗುವೊಂದು ಚಿಟಾರನೆ ಚೀರಿಕೊಂಡಿತು. ಮೇಷ್ಟ್ರ ಮಾತು ಮುಗಿಯುವ ತನಕ ಪಂಡಿತರ ಬಾಯಿ ಹಾಗೇ ಇತ್ತು, ಮುಚ್ಚಿಸುವವರಿಲ್ಲ. ಪಕ್ಕದಲ್ಲಿ ನಿಂತು ಮೇಷ್ಟ್ರು, ಗದಗ ಸೀಮೆಯ ಈ ಹುಡುಗ ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟು ರೈಲು ಹತ್ತಿ ಗ್ವಾಲಿಯರ್ ತನಕ ಹೋದ ಕಥೆಯನ್ನು ರಸವತ್ತಾಗಿ ಹೇಳಿದರು. ಹುಡುಗರಿಗೆ ಬಲು ಇಷ್ಟವಾಯಿತು. ಒಬ್ಬನಂತೂ ಎದ್ದು ನಿಂತು, “ಸಾರ್, ಟಿಕೆಟ್ಟು ತಗೊಂಡಿದ್ರಾ?” ಎಂದು ಕೇಳಿದ. ಅವನವ್ವ ಅಲ್ಲೇ ರಟ್ಟೆ ಹಿಡಿದು ಕೂರಿಸಿದಳು. ‘ಮೈಸೂರು ಮಲ್ಲಿಗೆ’ ಶುರುವಾಗುವ ಹೊತ್ತಿಗೆ ಉಳಿದಿದ್ದವರು ಪರದೆಗೆ ಹಗ್ಗ ಕೊಟ್ಟಿದ್ದ ಮನೆಯವರು. ಹಗ್ಗ ವಾಪಸ್ಸು ಬೇಕಿತ್ತು.

ಚಿತ್ರ ಮುಗಿದ ಮೇಲೆ ‘ಸಂವಾದ’. ಬಾಗಿಲ ಬಳಿ ಮೇಷ್ಟ್ರೇ ನಿಲ್ಲುವುದರಿಂದ ತಪ್ಪಿಸಿಕೊಳ್ಳಲಾಗದು. ತರ್ಕೋವ್ಸ್ಕಿಯ ‘ಸ್ಟಾಕರ್’ನಲ್ಲಿ ಮುಕ್ಕಾಲು ಪಾಲು ನಿದ್ದೆ ಹೊಡೆದ ನಾನು, ಹೆಸರು ಕರೆದಾಗ ಎದ್ದು “ಚಿತ್ರದ ಧ್ಯಾನಸ್ಥ ಲಯ ನನ್ನನ್ನು ಬೇರೆಲ್ಲಿಗೋ ಒಯ್ದಿತು” ಎಂದೆ. ಮೇಷ್ಟ್ರು ಕಣ್ಣೊರೆಸಿಕೊಂಡರು. ಅಂದಿನಿಂದ ನಾನು ಅವರಿಗೆ ರಸಿಕ ಶಿಷ್ಯ. ಪ್ರೊಜೆಕ್ಟರು ತೊಡೆಗೆ ಖಾಯಂ ಆದದ್ದು ಹಾಗೆ.

‘ಸ್ಟಾಪ್ ಮೇಕಿಂಗ್ ಸೆನ್ಸ್’ ಹಾಕಿದ ರಾತ್ರಿ ಮಾತ್ರ ಸಂವಾದ ತಾನಾಗಿಯೇ ಆಯಿತು. 1983ರ ಡಿಸೆಂಬರಿನಲ್ಲಿ ಹಾಲಿವುಡ್ಡಿನ ರಂಗಮಂದಿರವೊಂದರಲ್ಲಿ ಟಾಕಿಂಗ್ ಹೆಡ್ಸ್ ತಂಡ ಮಾಡಿದ ಕಛೇರಿಗಳ ಚಿತ್ರ ಅದು. ಗಾಯಕ ಡೇವಿಡ್ ಬರ್ನ್ ಅದರಲ್ಲಿ ತನಗಿಂತ ಎರಡು ಪಾಲು ದೊಡ್ಡ ಸೂಟು ತೊಟ್ಟು ಕುಣಿಯುತ್ತಾನೆ. ಹಿಂದಿನಿಂದ ಒಬ್ಬರು, “ಪಾಪ, ಡ್ರಾಮಾ ಸೀನರಿಯೋನು ಭೀಮನ್ ಡ್ರೆಸ್ಸ ತಂದು ಇವ್ನಿಗೆ ಹಾಕವ್ನೆ” ಎಂದರು. ಇದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ನಮ್ಮ ಜನಕ್ಕೆ ಡ್ರಾಮಾ ಹೊಸದೇ? ಕೈಯಿಂದ ದುಡ್ಡು ಕೊಟ್ಟು ಪಾತ್ರ ಹಿಡಿಯುವ ಸೀಮೆ ಇದು. ‘ಕುರುಕ್ಷೇತ್ರ’ದಲ್ಲಿ ಕೃಷ್ಣ, ದುರ್ಯೋಧನ ದುಬಾರಿ, ಸೈಂಧವ ಅಗ್ಗ. ರಾತ್ರಿ ಶುರುವಾದದ್ದು ಬೆಳಗಿನ ಕೋಳಿ ಕೂಗಿದರೂ ಮುಗಿಯದು, ಯಾಕೆಂದರೆ ಹಾಡು ಹಾಡಿಗೂ ‘ಒನ್ಸ್ ಮೋರ್’. ತೊಡೆ ಮುರಿದು ಬಿದ್ದ ದುರ್ಯೋಧನನೂ ಎದ್ದು, ಧೂಳು ಕೊಡವಿ, ಇನ್ನೊಂದು ಸಲ ಹಾಡಿ ಸಾಯುತ್ತಾನೆ. ಮೇಷ್ಟ್ರೂ ಹರೆಯದಲ್ಲಿ ಶಕುನಿ ಮಾಡಿದವರೇ. ಆಟ ನಡುವೆ ನಿಂತರೇ ಅದಕ್ಕೆ ಮರ್ಯಾದೆ ಎಂಬುದು ಅವರ ರಕ್ತದಲ್ಲೇ ಇದೆ. ಒಂದೇ ತೊಡಕು: ಅಲ್ಲಿ ನಿಲ್ಲಿಸಲು ಕೂಗುವವರು ಜನ.

ಪಾಂಡವಪುರದ ಕಡೆ ‘ತಿಥಿ’ ಹಾಕಿದ ದಿನ ಅದು ತಲೆಕೆಳಗಾಯಿತು. ನಮ್ಮ ಜಿಲ್ಲೆಯದೇ ನೊದೆಕೊಪ್ಪಲಿನಲ್ಲಿ, ನಟನೆ ಅರಿಯದ ಹಳ್ಳಿಯವರನ್ನೇ ಹಾಕಿಕೊಂಡು ರಾಮ್ ರೆಡ್ಡಿ ತೆಗೆದ ಚಿತ್ರ. ಬರವಣಿಗೆಯಲ್ಲಿ ಕೈಜೋಡಿಸಿದವರು ಅದೇ ಊರಿನ ಈರೇಗೌಡ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ. ಇದೆಲ್ಲ ಹೇಳಲೆಂದು ಮೇಷ್ಟ್ರು ಚಿತ್ರ ನಿಲ್ಲಿಸಿದರು. “ಸುಮ್ಕಿರಿ ಸಾ, ಬುಡಿ ಅದ್ನ!” ಎಂದು ಇಡೀ ಅಂಗಳ ಗದರಿತು. ಮೇಷ್ಟ್ರು ರಿಮೋಟನ್ನು ಜೇಬಿಗಿಟ್ಟು ಹಿಂದೆ ಹೋಗಿ ಕಲ್ಲುಚಪ್ಪಡಿ ಮೇಲೆ ಕೂತರು. ತ್ರೀ ಫೇಸ್ ಬಂತು. ಒಬ್ಬರೂ ಏಳಲಿಲ್ಲ.

ಮುಗಿದ ಮೇಲೆ ಸಂವಾದಕ್ಕೆ ಬನ್ನಿ ಬನ್ನಿ ಎಂದು ಮೈಕಿನಲ್ಲಿ ಕರೆದದ್ದೇ ಕರೆದದ್ದು. ಯಾರೂ ಬರಲಿಲ್ಲ. ಹೊರಗೆ, ಬೀದಿ ದೀಪದ ಕೆಳಗೆ, ಬದುಕಿರುವ ಅಪ್ಪನಿಗೆ ಮರಣ ಪತ್ರ ಮಾಡಿಸಿ ಜಮೀನು ಮಾರಲು ಹೊರಟ ಮಗನದು ತಪ್ಪೋ, ಏನನ್ನೂ ಹಚ್ಚಿಕೊಳ್ಳದೆ ಅಲೆಯುವ ಗಡ್ಡಪ್ಪನದು ತಪ್ಪೋ ಎಂದು ದೊಡ್ಡ ಜಗಳವೇ ಎದ್ದಿತ್ತು. ಪೌತಿ ಖಾತೆ, ಪಹಣಿ, ಯಾರದೋ ಮನೆಯ ಹಳೆಯ ದಾವೆ, ಎಲ್ಲ ಬಂತು. ಮೇಷ್ಟ್ರಿಗೆ ಅದು ಲೆಕ್ಕಕ್ಕಿಲ್ಲ. ಮೈಕಿನಲ್ಲಿ ಆಡದ ಮಾತು ಸಂವಾದವಲ್ಲ. ಪಿಂಚಣಿ ದುಡ್ಡಿನಲ್ಲಿ ಬಾಡಿಗೆಗೆ ತಂದ ಸ್ಪೀಕರಿನ ವೈರನ್ನು ಒಬ್ಬರೇ ಸುತ್ತುತ್ತಿದ್ದರು. ಕೈಲಿರುವ ಫೋನಿನಲ್ಲೇ ಪ್ರಪಂಚದ ಸಿನಿಮಾವೆಲ್ಲ ಸಿಗುವಾಗ, ಪರದೆ ಹೊತ್ತು ಊರೂರು ಸುತ್ತುವ ಮನುಷ್ಯ ಇನ್ನೊಬ್ಬರು ಸಿಕ್ಕಾರೆಯೇ? ನಾನು ಹೋಗಿ ವೈರಿನ ಇನ್ನೊಂದು ತುದಿ ಹಿಡಿದುಕೊಂಡೆ.

ದಾರಿಯುದ್ದಕ್ಕೂ ಮಾತಿಲ್ಲ. ಮನೆ ಹತ್ತಿರ ಸ್ಕೂಟರ್ ನಿಲ್ಲಿಸಿ, “ಇನ್ಮೇಲೆ ಮಧ್ಯೆ ನಿಲ್ಲಿಸಲ್ಲ ಕಣಯ್ಯಾ” ಎಂದರು. ನನ್ನ ಕಣ್ಣು ತುಂಬಿ ಬಂತು. “ಬರೋ ಭಾನುವಾರ ನಾಗಮಂಗಲ. ‘ಆಂದ್ರೇ ರುಬ್ಲ್ಯೋವ್’. ಮೂರು ಗಂಟೆ ಚಿಲ್ರೆ ಅಷ್ಟೆ. ಹೇಳೋದೆಲ್ಲ ಮುಂಚೇನೇ ಹೇಳ್‌ಬಿಡ್ತೀನಿ, ಒಂದು ಒಂದೂವರೆ ಗಂಟೆ ಸಾಕು. ನೀನು ಆ ಲೈನ್‌ಮನ್‌ನ ಹಿಡಿದು, ಅವತ್ತು ತ್ರೀ ಫೇಸ್ ಎಷ್ಟೊತ್ತಿಗೆ ಅಂತ ಕೇಳ್ಕೊಂಡ್ ಬಾ.”